ಜಟಕಾದ ಮುಂದಿನ ಹಲಗೆ

ಹುರುಳಿಕಾಳು ಬೇಯುವ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಕೂತಲ್ಲಿಂದ ಒಂದು ಗೇಣು ಮುಂದಕ್ಕೆ ಸರಿಯುತ್ತೇನೆ. ಮೊನ್ನೆ ಮಾಲೂರಿನ ನಮ್ಮ ಮನೆಯಲ್ಲಿ ಸೊಸೆ ಬಸ್ಸಾರಿಗೆ ಅಂತ ಹುರುಳಿ ಇಟ್ಟಿದ್ದಳು. ನಾನು ಸೋಫಾದ ತುದಿಗೆ ಬಂದು ಎದುರಿಗಿದ್ದ ಟೀಪಾಯಿಯ ಅಂಚು ಹಿಡಿದುಕೊಂಡು ಕೂತಿದ್ದೆ. "ಎಲ್ಲಿಗತ್ತೆ ಹೊರಟ್ರಿ?" ಅಂದಳು. ಎಲ್ಲಿಗೂ ಇಲ್ಲ ಕಣೇ ಅಂದೆ. ಸುಳ್ಳು. ಅಷ್ಟು ಹೊತ್ತಿಗೆ ನಾನು ಬಾಷಾ ಸಾಬರ ಜಟಕಾ ಹತ್ತಿ ಅರ್ಧ ದಾರಿ ಹೋಗಿಯಾಗಿತ್ತು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ನರ್ಸು ತರಬೇತಿ ಮುಗಿಸಿ ಮೊದಲ ಸಲ ಕೆಲಸಕ್ಕೆ ಸೇರಿದ್ದು ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ನಡುವೆ, ಒಳಗೆಲ್ಲೋ ಇರುವ ಒಂದು ಹಳ್ಳಿಗೆ. ಹೆಸರು ಹೇಳುವುದಿಲ್ಲ, ಹೇಳಿದರೆ ಬಯ್ಯುವವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಬಸುರಿಯರನ್ನು ನೋಡಬೇಕು, ಮಕ್ಕಳಿಗೆ ಸೂಜಿಮದ್ದು ಹಾಕಬೇಕು, ಹೆರಿಗೆ ಮಾಡಿಸಬೇಕು. ಇಷ್ಟೆಲ್ಲ ಮಾಡಬೇಕಾದವಳಿಗೆ ಹುಟ್ಟುಗುಣವೇ ಹೆದರಿಕೆ. ನಾಯಿ ಅಂದರೆ ಹೆದರಿಕೆ, ನೀರು ಅಂದರೆ ಹೆದರಿಕೆ, ಕುದುರೆಯನ್ನಂತೂ ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಮಾಲೂರಿನಲ್ಲಿ ರೈಲಿನ ಪಕ್ಕ ಬೆಳೆದವಳು ನಾನು. ಎಷ್ಟೇ ಜೋರಾಗಿ ಬಂದರೂ ರೈಲು ಹಳಿ ಬಿಟ್ಟು ನಮ್ಮ ಮೇಲೆ ಬರುವುದಿಲ್ಲ ಅನ್ನುವ ಧೈರ್ಯವಾದರೂ ಇತ್ತು. ಕುದುರೆಗೆ ಎಲ್ಲಿಯ ಹಳಿ?

ಬಸ್ಸು ದೊಡ್ಡ ರಸ್ತೆಯವರೆಗೆ ಮಾತ್ರ ಬರುತ್ತಿತ್ತು, ಅದೂ ಅದರ ಮನಸ್ಸಿಗೆ ಬಂದಾಗ. ಊರಿಗೆ ಉಳಿದಿದ್ದು ಬಾಷಾ ಸಾಬರ ಜಟಕಾ ಒಂದೇ. ಎಳೆಯುತ್ತಿದ್ದದ್ದು ರಾಣಿ ಅನ್ನುವ ಹೆಣ್ಣು ಕುದುರೆ. ಗಾಡಿಯ ಹಲಗೆಯ ಮೇಲೆ ಹಸಿ ಹುಲ್ಲು ಹರಡಿ, ಮೇಲೊಂದು ಗೋಣಿಚೀಲ ಹಾಸಿರುತ್ತಿದ್ದರು. ಹೋಗುವಾಗ ಮೆತ್ತಗೆ ಹಾಯಾಗಿರುತ್ತಿತ್ತು. ಆದರೆ ಪೇಟೆಯಲ್ಲಿ ನಾವು ಕೆಲಸ ಮುಗಿಸಿ ಬರುವಷ್ಟರಲ್ಲಿ ರಾಣಿ ನಮ್ಮ ಹಾಸಿಗೆಯನ್ನೆಲ್ಲ ತಿಂದು ಮುಗಿಸಿರುತ್ತಿದ್ದಳು. ಬರುವಾಗ ಬರೀ ಹಲಗೆ. ಮನೆಗೆ ಬಂದು ಒಂದು ಗಂಟೆ ಕೂರಲಾಗದೆ ನಿಂತೇ ಇರುತ್ತಿದ್ದೆ. ಗಾಡಿಯ ಕೆಳಗೆ ನೇತುಹಾಕಿದ ಚೀಲದಿಂದ ಬೇಯಿಸಿದ ಹುರುಳಿಯ ವಾಸನೆ, ಅದರ ಜೊತೆಗೆ ರಾಣಿಯದೇ ಆದ ವಾಸನೆಗಳು. ಹೆಚ್ಚು ಹೇಳುವುದು ಬೇಡ.

ಎರಡು ಚಕ್ರದ ಗಾಡಿ ತಕ್ಕಡಿ ಇದ್ದ ಹಾಗೆ. ಹಿಂದೆ ಭಾರ ಹೆಚ್ಚಾದರೆ ಕುದುರೆಯ ಎರಡೂ ಪಕ್ಕಕ್ಕೆ ಚಾಚಿದ ಮೂಕಿಮರ ಮೇಲೇಳುತ್ತದೆ, ಕುದುರೆಯ ಕಾಲಿಗೆ ನೆಲ ಸಿಗುವುದಿಲ್ಲ. ಮುಂದೆ ಹೆಚ್ಚಾದರೆ ಅದರ ಬೆನ್ನು ಮುರಿಯುತ್ತದೆ. ಏರು ಬಂದರೆ ಎಲ್ಲರೂ ಮುಂದಕ್ಕೆ, ಇಳಿಜಾರು ಬಂದರೆ ಎಲ್ಲರೂ ಹಿಂದಕ್ಕೆ. "ಜರುಗಿ, ಜರುಗಿ, ಮುಂದೆ ಬನ್ನಿ" ಅಂತ ಬಾಷಾ ಸಾಬರು ಕೂಗುತ್ತಲೇ ಇರುತ್ತಿದ್ದರು. ನಾನು ಆಗಲೂ ಈಗಿನಷ್ಟೇ ದಪ್ಪ. ಮೊದಲ ದಿನವೇ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಲೆಕ್ಕ ಹಾಕಿ, "ನರ್ಸಮ್ಮ, ನೀವು ಮುಂದೆ ನನ್ನ ಪಕ್ಕ ಹಲಗೆ ಮೇಲೆ ಕೂತ್ಕೊಳಿ. ನೀವಿದ್ರೆ ಗಾಡಿಗೆ ಸಮ ಆಗ್ತದೆ" ಅಂದರು. ಎಷ್ಟು ಕೋಪ ಬಂತು ಅಂತ ಹೇಳಲಾರೆ. ಮುಂದಿನ ಹಲಗೆಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ರಾಣಿ ನೊಣ ಓಡಿಸಲು ಬಾಲ ಬೀಸಿದಾಗಲೆಲ್ಲ ರಸ್ತೆಯ ಕೆಸರು ನನ್ನ ಬಿಳೀ ಸೀರೆಗೆ.

ಆ ಮೊದಲ ದಿನ ಗಾಡಿಯ ಹಿಂಭಾಗದಲ್ಲಿ, ಕಂಬಿ ಹಿಡಿದು ಕೂತಿದ್ದವರು ಪಟೇಲರ ಮನೆಯ ಪಾಪಮ್ಮ. ಸಂತೆಯಿಂದ ಬರುತ್ತಿದ್ದರು, ಮಡಿಲಲ್ಲಿ ಟೊಮೆಟೊ ಬುಟ್ಟಿ. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಪಾಪಮ್ಮನವರ ಕೊರಳಿನಿಂದ ಅದು ಇಳಿದಿರಲಿಲ್ಲ. ದಾರಿಯುದ್ದಕ್ಕೂ ನನ್ನೊಂದಿಗೆ ಒಂದು ಮಾತಿಲ್ಲ. ಊರ ಮುಂದೆ ಗಾಡಿ ನಿಂತಿತು. ಕುದುರೆಯಿಂದ ದೂರ ಹೋದರೆ ಸಾಕು ಅಂತ ಕಾಯುತ್ತಿದ್ದ ನಾನು ಮುಂದಿನ ಹಲಗೆಯಿಂದ ದುಡುಂ ಅಂತ ಧುಮುಕಿಬಿಟ್ಟೆ.

ಮುಂದಿನ ಭಾರ ಹೋಯಿತಲ್ಲ, ಗಾಡಿ ಹಿಂದಕ್ಕೆ ವಾಲಿತು. ಮೂಕಿಮರ ಆಕಾಶ ನೋಡಿತು, ರಾಣಿ ಮುಂಗಾಲು ಎತ್ತಿದಳು, ಪಾಪಮ್ಮ ಜಾರಿ ಕೆಸರಿನಲ್ಲಿ ಕೂತರು. ಟೊಮೆಟೊ ಊರೆಲ್ಲ ಉರುಳಿದವು.

"ಅಯ್ಯೋ ನರ್ಸಮ್ಮ, ಮುಂದಿನೋರು ಮೊದ್ಲು ಇಳೀಬಾರ್ದಮ್ಮ" ಅಂದರು ಬಾಷಾ ಸಾಬರು, ಕುದುರೆಯನ್ನು ಹಿಡಿಯುತ್ತ. "ಹಿಂದ್ಗಡೆಯೋರು ಎಲ್ಲಾ ಇಳಿದ್ಮೇಲೆ ನೀವು."

ಪಾಪಮ್ಮ ಎದ್ದೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಕೂತಲ್ಲಿಂದಲೇ ಕೇಳಿದರು. "ಯಾರಿವಳು?"

"ಹೊಸಾ ನರ್ಸಮ್ಮ, ಪಟೇಲಮ್ಮ."

"ಹೆರಿಗೆ ಮಾಡ್ಸೋಕೆ ಬಂದೋಳಾ, ಇದ್ದೋರ್ನ ಸಾಯ್ಸೋಕೆ ಬಂದೋಳಾ?"

ಇಷ್ಟು ಸಾಕಾಯಿತು. ಗಾಡಿಯಲ್ಲಿ ಕೂತವರನ್ನೇ ಎತ್ತಿ ಬಿಸಾಡುವವಳ ಕೈಗೆ ಯಾರು ಮಗು ಕೊಡುತ್ತಾರೆ? ತಿಂಗಳು ಕಳೆದರೂ ನನ್ನ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಒಬ್ಬ ಬಸುರಿಯೂ ಬರಲಿಲ್ಲ. ನಾನು ಮನೆ ಮನೆಗೆ ಹೋದರೆ, "ಇಲ್ಲಮ್ಮ, ತವರಿಗೆ ಹೋಗವಳೆ" ಅನ್ನುತ್ತಿದ್ದರು. ತವರಿಗೆ ಹೋದವಳು ಒಳಗೆ ಕೆಮ್ಮುವುದು ನನಗೆ ಕೇಳಿಸುತ್ತಿತ್ತು.

ಬಂದವಳು ಒಬ್ಬಳೇ, ಅದೂ ಹಿಂಬಾಗಿಲಿನಿಂದ. ಪಾಪಮ್ಮನ ಸೊಸೆ ಮಂಜುಳ. ಏಳು ತಿಂಗಳಾಗಿತ್ತು. ಹಿಂದಿನ ವರ್ಷ ಚೊಚ್ಚಲ ಮಗು ಮನೆಯಲ್ಲೇ ಹೋಗಿತ್ತು. ಕಾಲು ಮುಂದಾಗಿ ಬಂದ ಮಗು, ತಲೆ ಸಿಕ್ಕಿಕೊಂಡಿತ್ತು. ಆಸ್ಪತ್ರೆಯ ಯೋಚನೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಷ್ಟನ್ನು ನೆಲ ನೋಡುತ್ತ ಹೇಳಿ, "ಅಕ್ಕ, ಈ ಸಲ ಅಂಗಾಗಲ್ಲ ಅಲ್ವಾ?" ಅಂತ ಕೇಳಿದಳು. ಆಗಲ್ಲ ಕಣೇ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಮುಂದಿನ ಸಂತೆಗೆ ಮಂಜುಳ, ನಾನು ಹೇಳಿಕೊಟ್ಟ ಹಾಗೆ, ಬಳೆ ಹಾಕಿಸಿಕೊಳ್ಳಬೇಕು ಅಂತ ಅತ್ತೆಯ ಜೊತೆ ಹೊರಟಳು. ಬಸುರಿ ಬಳೆ ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಗಾಡಿಯ ಬಳಿ ನಾನೂ ಪಾಪಮ್ಮನೂ ಎದುರಾದೆವು. "ಪಟೇಲಮ್ಮ, ಇವತ್ತು ನೀವು ಮುಂದೆ ಬನ್ನಿ, ನರ್ಸಮ್ಮ ಬಸುರಿ ಜೊತೆ ಹಿಂದೆ ಕೂರ್ಲಿ" ಅಂದರು ಬಾಷಾ ಸಾಬರು. ಪಾಪಮ್ಮನೂ ನನ್ನಷ್ಟೇ ತೂಕದವರು, ಅದು ಸಾಬರ ಕಣ್ಣಿಗೆ ಬಿದ್ದಿತ್ತು. "ನಮ್ಮನೆ ಹೆಂಗಸ್ರು ಗಾಡಿಯೋನ ಪಕ್ಕ ಕಾಲು ಇಳಿಬಿಟ್ಕೊಂಡು ಪೇಟೆ ಬೀದೀಲಿ ಹೋಗೋರಲ್ಲ. ಅದು ಮೂಟೆ ಇಡೋ ಜಾಗ" ಅಂದು ಹಿಂದೆ ಹತ್ತಿ ಕಂಬಿ ಹಿಡಿದರು. ಮೂಟೆಯ ಜಾಗದಲ್ಲಿ ನಾನು ಕೂತೆ. ಬಾಲದ ಏಟನ್ನೂ ತಿಂದೆ.

ಬಳೆ ಅಂಗಡಿಯ ಹತ್ತಿರವೇ ಆಸ್ಪತ್ರೆ. ಬಳೆ ಹಾಕಿಸಿದ ಕೂಡಲೇ ನಾನು ಮಂಜುಳನ ಕೈ ಹಿಡಿದುಕೊಂಡು ರಸ್ತೆ ದಾಟಿಬಿಟ್ಟೆ. ಪಾಪಮ್ಮ ಬಯ್ಯುತ್ತ ಹಿಂದೆಯೇ ಬಂದರು. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಮಗು ಇನ್ನೂ ತಿರುಗಿಲ್ಲ, ಕಾಲು ಕೆಳಗಿದೆ. ತಿರುಗಿದರೆ ಸರಿ. ತಿರುಗದೇ ಇದ್ದರೆ ಮನೆಯಲ್ಲಿ ಮುಟ್ಟಲೇಬೇಡಿ. ನೋವು ಕಾಣಿಸಿಕೊಂಡ ಕೂಡಲೇ ಇಲ್ಲಿಗೆ ತನ್ನಿ" ಅಂದರು. ಪಾಪಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ವಾಪಸ್ಸು ಬರುವಾಗ ಒಂದೇ ಮಾತು. "ಡಾಕ್ಟ್ರಮ್ಮನಿಗೇನು, ಹೇಳ್ತಾರೆ."

ಮಗು ತಿರುಗಲಿಲ್ಲ. ಮಳೆ ಮಾತ್ರ ತಿರುಗಿ ತಿರುಗಿ ಬಂತು. ನಮ್ಮ ಸೀಮೆಯಲ್ಲಿ ಮಳೆ ಬಾರದಿದ್ದರೆ ಗೋಳು. ಆ ವರ್ಷ ಬಂದು ಗೋಳಾಯಿತು. ಕೆರೆ ತುಂಬಿ ಕೋಡಿ ಬಿತ್ತು. ಊರೆಲ್ಲ ಕೋಡಿ ನೋಡಲು ಕುಣಿಯುತ್ತ ಹೋದರೆ ನಾನೊಬ್ಬಳು ಕೋಣೆಯಲ್ಲಿ ಕೂತು ನಡುಗುತ್ತಿದ್ದೆ. ಕೋಡಿಯ ನೀರು ರಸ್ತೆಯ ಮೋರಿಯನ್ನು ಅರ್ಧ ಕಿತ್ತುಕೊಂಡು ಹೋಗಿತ್ತು. ಬಸ್ಸು ನಿಂತಿತು. ಮಂಜುಳನ ಗಂಡ ತರಕಾರಿ ಲೋಡಿನ ಜೊತೆ ಮದ್ರಾಸಿಗೆ ಹೋದವನು ಅಲ್ಲೇ ಸಿಕ್ಕಿಕೊಂಡ.

ಮೊದಲೇ ಪೇಟೆಗೆ ಹೋಗಿ ಗೊತ್ತಿದ್ದವರ ಮನೆಯಲ್ಲಿ ಇರೋಣ ಅಂತ ಬೇಡಿಕೊಂಡೆ, ಪಾಪಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಪಟೇಲರ ಮನೆ ಸೊಸೆ ಅವರಿವರ ಜಗಲೀಲಿ ನೋವು ತಿಂತಾಳಾ? ನೋವು ಬರ್ಲಿ, ನೋಡೋಣ" ಅಂದರು. ನನಗೆ ನಿದ್ದೆ ಹೋಯಿತು, ಊಟ ಸೇರದಾಯಿತು. ಬಾಗಿಲು ಗಾಳಿಗೆ ಬಡಿದರೂ ಎದ್ದು ಕೂರುತ್ತಿದ್ದೆ. ಬೆಳಗ್ಗೆ ಎದ್ದ ತಕ್ಷಣ ಬಾಷಾ ಸಾಬರ ಮನೆಗೆ ಹೋಗಿ ಕುದುರೆ ಹುಷಾರಾಗಿದೆಯಾ ಅಂತ ವಿಚಾರಿಸುತ್ತಿದ್ದೆ. ಮಂಜುಳನಿಗಿಂತ ರಾಣಿಯ ಮೇಲೆಯೇ ನನಗೆ ಹೆಚ್ಚು ಯೋಚನೆ. ಒಂದು ದಿನ ಅದು ಸೀನಿತು ಅಂತ ನಾನು ಅಲ್ಲಿಯೇ ಕುಸಿದು ಕೂತೆ.

"ನರ್ಸಮ್ಮ, ಊರಿಗೆಲ್ಲ ನಾಡಿ ನೋಡ್ತೀರ, ಇದಕ್ಕೂ ಒಂದ್ಸಲ ನೋಡ್ಬಿಡಿ. ನಿಮ್ಗೂ ಸಮಾಧಾನ, ಅದಕ್ಕೂ ಸಮಾಧಾನ" ಅಂದರು ಸಾಬರು, ನಗದೆ.

ಕುದುರೆ ಕಂಡರೆ ಆಗದ ನಾನು, ಕಣ್ಣು ಮುಚ್ಚಿಕೊಂಡು ಅದರ ಬಾಯಿಯ ಹತ್ತಿರ ಬೆಂದ ಹುರುಳಿಯ ಬೋಗುಣಿ ಹಿಡಿಯುವುದನ್ನು ಕಲಿತಿದ್ದು ಆ ದಿನಗಳಲ್ಲೇ. ಲಂಚ ಅಂತಲೇ ಇಟ್ಟುಕೊಳ್ಳಿ.

ನೋವು ಬಂದದ್ದು ಒಂದು ಮಧ್ಯಾಹ್ನ, ಮಳೆ ಹುಯ್ಯುತ್ತಿದ್ದಾಗ. ಪಾಪಮ್ಮನ ಮನೆಯ ಆಳು ಓಡಿ ಬಂದು ಕರೆದ. ನಾನು ಹೋಗಿ ನೋಡಿದೆ. ನೀರು ಒಡೆದಿತ್ತು. ಕೈಗೆ ಸಿಕ್ಕಿದ್ದು ಪುಟ್ಟ ಹಿಮ್ಮಡಿ. ನನ್ನ ಮುಖ ಮಂಜುಳನಿಗೆ ಕಾಣಬಾರದು ಅಂತ ಬಾಗಿಲ ಕಡೆ ತಿರುಗಿದೆ.

"ಪಾಪಮ್ಮನೋರೆ, ಈಗಲೇ ಹೊರಡಬೇಕು."

"ಈ ಮಳೇಲಿ? ಕೋಡಿ ನೀರಲ್ಲಿ ಗಾಡಿ ಮಗುಚಿದ್ರೆ?"

"ಮಗುಚಿದ್ರೆ ಅಂತ ನನಗೂ ಭಯ ಇದೆ. ಇಲ್ಲೇ ಇದ್ರೆ ಹೋದ ವರ್ಷ ಆದ ಹಂಗೇ ಆಗ್ತದೆ. ಈ ಸಲ ಮಗು ಒಂದೇ ಅಲ್ಲ, ನಿಮ್ಮ ಸೊಸೆನೂ ಉಳಿಯಲ್ಲ."

ಅಷ್ಟು ಗಟ್ಟಿಯಾಗಿ ಅವರೆದುರು ನಾನು ಮಾತಾಡಿದ್ದು ಅದೇ ಮೊದಲು. ಪಾಪಮ್ಮ ಮಂಜುಳನ ಮುಖ ನೋಡಿದರು. ಅವಳು ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಿದ್ದಳು. "ಸಾಬೀನ ಕರಿ" ಅಂದರು ಪಾಪಮ್ಮ ಆಳಿಗೆ.

ಜಟಕಾದಲ್ಲಿ ಹುಲ್ಲನ್ನು ದಪ್ಪಗೆ ಹರಡಿ ಮಂಜುಳನನ್ನು ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲೆ, ಹಿಂಭಾಗದಲ್ಲಿ. ಬಾಷಾ ಸಾಬರು ಲಗಾಮು ಹಿಡಿದು ಹೂಂ ಅಂದರು. ಗಾಡಿ ಕದಲಲಿಲ್ಲ. ಮೂಕಿಮರ ಮೇಲೆದ್ದಿತ್ತು, ರಾಣಿಯ ಗೊರಸು ಕೆಸರನ್ನು ಕೆರೆಯುತ್ತಿತ್ತು ಅಷ್ಟೇ.

"ಹಿಂದೆ ಭಾರ ಆಯ್ತು" ಅಂದರು ಸಾಬರು. "ನಾನು ಮುಂದೆ ಕೂತ್ರೂ ಸಾಲಲ್ಲ. ಕೂರೋಕೂ ಆಗಲ್ಲ, ನೀರಲ್ಲಿ ಕುದ್ರೆ ಮೂತಿ ಹಿಡ್ಕೊಂಡು ನಡೀಬೇಕು. ಮುಂದೆ ಒಬ್ರು ಬೇಕು, ತೂಕದೋರು."

ನಾನು ಮುಂದೆ ಹೋದರೆ ಮಂಜುಳನನ್ನು ಹಿಡಿಯುವವರು ಯಾರು? ಪಾಪಮ್ಮ ಆಳನ್ನು ಕರೆದು ರಾಗಿ ಮೂಟೆ ತಂದು ಮುಂದೆ ಹಾಕು ಅಂದರು.

"ಮೂಟೆ ಮಾತು ಕೇಳಲ್ಲ ಪಟೇಲಮ್ಮ" ಅಂದರು ಸಾಬರು ಮೆಲ್ಲಗೆ. "ಏರಲ್ಲಿ ಮುಂದೆ ಬಾಗು ಅಂದ್ರೆ ಬಾಗಬೇಕು, ಇಳಿಜಾರಲ್ಲಿ ಹಿಂದಕ್ಕೆ ಒರಗು ಅಂದ್ರೆ ಒರಗಬೇಕು. ಮನುಷ್ಯರೇ ಬೇಕಮ್ಮ."

ಮಳೆ ಸುರಿಯುತ್ತಲೇ ಇತ್ತು. ಅಕ್ಕಪಕ್ಕದ ಮನೆಯವರೆಲ್ಲ ಜಗಲಿಗೆ ಬಂದು ನಿಂತಿದ್ದರು. ಪಾಪಮ್ಮ ಅವರನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಬರ ಹೆಗಲಿಗೆ ಕೈ ಊರಿ, ಮುಂದಿನ ಹಲಗೆಯ ಮೇಲೆ ಹತ್ತಿ ಕೂತು ಪಕ್ಕದ ಕಂಬಿ ಹಿಡಿದರು. ಮೂಕಿಮರ ಕೆಳಗಿಳಿಯಿತು. ರಾಣಿಗೆ ನೆಲ ಸಿಕ್ಕಿತು.

"ನಾನು ಇಳೀರಿ ಅನ್ನೋವರ್ಗೂ ಇಳೀಬೇಡಿ" ಅಂದರು ಸಾಬರು. "ನೀವಿಳಿದ್ರೆ ಹಿಂದಿನೋರು ಬಿದ್ದೋಗ್ತಾರೆ."

"ನನಗೆ ಹೇಳ್ಕೊಡ್ತೀಯೇನೋ? ಬಿದ್ದೋಳು ನಾನು" ಅಂದರು ಪಾಪಮ್ಮ.

ಹೊರಟೆವು. ಚಕ್ರ ಹಳ್ಳಕ್ಕೆ ಇಳಿದಾಗಲೆಲ್ಲ ಮಂಜುಳ ನನ್ನ ಕೈಯನ್ನು ಕಚ್ಚುತ್ತಿದ್ದಳು. ಕಚ್ಚು, ಕಚ್ಚು ಅನ್ನುತ್ತಿದ್ದೆ. ನನಗೂ ಕೂಗಲು ಒಂದು ನೆಪ. ಮೋರಿಯ ಹತ್ತಿರ ಬಂದಾಗ ರಸ್ತೆಯೇ ಕಾಣಲಿಲ್ಲ, ಕೆಂಪು ನೀರು ಅಡ್ಡ ಹರಿಯುತ್ತಿತ್ತು. ಸಾಬರು ರಾಣಿಯ ಮೂತಿ ಹಿಡಿದು ಇಳಿದರು. ನೀರು ಅವರ ತೊಡೆಗೆ ಬಂತು. ನಡುವೆ ಹೋಗಿ ರಾಣಿ ನಿಂತುಬಿಟ್ಟಳು. ಸಾಬರು ಬೇಡಿಕೊಂಡರು, ಬೈದರು, ಆಕೆ ಕಿವಿ ಹಿಂದಕ್ಕೆ ಮಾಡಿ ನಿಂತೇ ಇದ್ದಳು. ಗಾಡಿ ನೀರಿನ ಸೆಳೆತಕ್ಕೆ ಸ್ವಲ್ಪ ಸ್ವಲ್ಪವೇ ಓರೆಯಾಗತೊಡಗಿತು. ಗೊತ್ತಿರುವ ದೇವರನ್ನೆಲ್ಲ ಕರೆದು ಮುಗಿಸಿ, ಗೊತ್ತಿಲ್ಲದವರನ್ನೂ ಕರೆಯಲು ಶುರುಮಾಡಿದೆ.

"ಮುಂದೆ ಬಾಗಿ ಪಟೇಲಮ್ಮ, ಪೂರ್ತಿ" ಅಂದರು ಸಾಬರು.

ಪಾಪಮ್ಮ ಹಲಗೆಯಿಂದ ಮುಂದಕ್ಕೆ ಜಾರಿ, ಎರಡೂ ಮೂಕಿಮರ ಹಿಡಿದು, ರಾಣಿಯ ಬೆನ್ನಿನ ಮೇಲೆ ಎದೆ ಊರಿ ಬಾಗಿದರು. ಬಾಲ ಅವರ ಮೊಣಕಾಲಿಗೆ ಬಡಿಯುತ್ತಿತ್ತು. ಸೊಸೆಗೆ ಒಂದು ದಿನವೂ ಮೃದುವಾಗಿ ಮಾತಾಡದ ಆ ಹೆಂಗಸು ಕುದುರೆಯ ಕಿವಿಯ ಕಡೆಗೆ ಮುಖ ಚಾಚಿ, "ಪದವೇ ತಲ್ಲೀ. ಪದವೇ ಮಾ ಅಮ್ಮಾ" ಅನ್ನತೊಡಗಿದರು. ಅವರು ತವರಿನ ತೆಲುಗು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಡಿ ತಾಯಿ, ನಡಿ ನಮ್ಮಮ್ಮ. ನನ್ನ ತೊಡೆಯ ಮೇಲೆ ಮಂಜುಳ ಕಣ್ಣು ತೆರೆದು ಕೇಳಿಸಿಕೊಳ್ಳುತ್ತಿದ್ದಳು. ಕುದುರೆಗೆ ಹೇಳಿದ್ದೋ ತನಗೆ ಹೇಳಿದ್ದೋ, ಅವಳ ಉಸಿರು ಒಂದು ಹದಕ್ಕೆ ಬಂತು. ರಾಣಿ ಒಂದು ಹೆಜ್ಜೆ ಇಟ್ಟಳು, ಆಮೇಲೆ ಇನ್ನೊಂದು.

ನೀರು ದಾಟಿದ ಮೇಲೆ ಸಾಬರೂ ಹಲಗೆ ಹತ್ತಿದರು. ಪೇಟೆ ಬೀದಿಯಲ್ಲಿ ಮಳೆಗೆ ಅಂಗಡಿಗಳ ಸೂರಿನ ಕೆಳಗೆ ಜನ ನಿಂತಿದ್ದರು. ಪಾಪಮ್ಮ ಸಂತೆಯ ದಿನ ಸೆರಗು ಹೊದ್ದು ತಲೆಯೆತ್ತಿ ನಡೆಯುತ್ತಿದ್ದ ಬೀದಿ. ಬಟ್ಟೆ ಅಂಗಡಿಯವರು ಗುರುತು ಹಿಡಿದು ಎದ್ದು ನಿಂತರು. ಮೊಣಕಾಲಿನ ತನಕ ಕೆಸರು, ಬಿಚ್ಚಿಹೋದ ಕೂದಲು, ಗಾಡಿಯವನ ಪಕ್ಕ ಇಳಿಬಿಟ್ಟ ಕಾಲು. ಪಾಪಮ್ಮ ಯಾರನ್ನೂ ನೋಡಲಿಲ್ಲ. ಸೀರೆ ಸರಿಮಾಡಿಕೊಳ್ಳಲು ಕಂಬಿಯಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮಂಜುಳನನ್ನು ಇಳಿಸಿಕೊಂಡರು. ನಾನೂ ಒಳಗೆ ಓಡಿದೆ. ಒಳಗಿನದನ್ನು ಬರೆಯುವುದಿಲ್ಲ. ಮಗು ಅಳುವುದಕ್ಕೆ ತಡಮಾಡಿತು ಅಂತ ಮಾತ್ರ ಹೇಳುತ್ತೇನೆ. ಆಮೇಲೆ ಅತ್ತಿತು, ಚೆನ್ನಾಗಿ ಅತ್ತಿತು. ಮಂಜುಳ ನಕ್ಕಳು. ನಾನು ಗೋಡೆಗೆ ಒರಗಿ ಜೋರಾಗಿ ಅತ್ತುಬಿಟ್ಟೆ. ಲೇಡಿ ಡಾಕ್ಟರು, "ಮೊದಲು ಇವಳನ್ನು ಆಚೆಗೆ ಕಳಿಸಿ" ಅಂದರು.

ಆಚೆಗೆ ಬಂದು ನೋಡಿದರೆ ಮಳೆಯಲ್ಲಿ ಜಟಕಾ ಹಾಗೇ ನಿಂತಿದೆ. ಮುಂದಿನ ಹಲಗೆಯ ಮೇಲೆ ಪಾಪಮ್ಮ, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು.

"ಇಳೀತಾನೇ ಇಲ್ಲ ನರ್ಸಮ್ಮ" ಅಂದರು ಬಾಷಾ ಸಾಬರು, ಮೂಕಿಮರಕ್ಕೆ ಹೆಗಲು ಕೊಟ್ಟು ನಿಂತು. "ಕುದ್ರೆ ಬಿಚ್ಚೋಕೂ ಬಿಡ್ತಿಲ್ಲ. ಇಳೀರಿ ಅಂತ ಆವಾಗಿಂದ ಹೇಳ್ತಾ ಇದೀನಿ."

ನಾನು ಹತ್ತಿರ ಹೋದೆ. ಪಾಪಮ್ಮನ ತುಟಿ ನೀಲಿಗಟ್ಟಿತ್ತು. ನನ್ನ ಮುಖವನ್ನು ನೋಡಲು ಹೆದರಿ ರಾಣಿಯ ಕಿವಿಯನ್ನೇ ನೋಡುತ್ತಿದ್ದರು.

"ಹೆಣ್ಣು ಮಗು ಪಾಪಮ್ಮನೋರೆ. ಇಬ್ರೂ ಚೆನ್ನಾಗವ್ರೆ."

ಅವರು ನನ್ನನ್ನು, ತಮ್ಮನ್ನು ಕೆಸರಿಗೆ ಕೆಡವಿದ ನನ್ನನ್ನು, ಚಿಕ್ಕ ಹುಡುಗಿಯ ಹಾಗೆ ಕೇಳಿದರು. "ಈಗ ಇಳೀಲಾ?"

ಆ ವರ್ಷವೇ ನನಗೆ ಬೇರೆ ಊರಿಗೆ ವರ್ಗವಾಯಿತು. ಬಾಷಾ ಸಾಬರೂ ಇಲ್ಲ, ಜಟಕಾಗಳೂ ಇಲ್ಲ. ಆ ಮಗು ದಿವ್ಯ ಈಗ ಕೋಲಾರದಲ್ಲಿ ಟೀಚರು, ಮನೆ ಕಟ್ಟಿಸಿದ್ದಾಳೆ. ಹುರುಳಿ ಬೆಂದ ಮಾರನೆಯ ದಿನವೇ ಗೃಹಪ್ರವೇಶಕ್ಕೆ ನನ್ನನ್ನು ಕರೆದೊಯ್ಯಲು ಕಾರು ತಂದಳು. ಮುಂದಿನ ಸೀಟಿನಲ್ಲಿ ಪಾಪಮ್ಮ ಕೂತಿದ್ದರು, ತೆಳ್ಳಗಾಗಿ, ಹಲ್ಲಿಲ್ಲದೆ. "ಅಜ್ಜಿ ಹಿಂದೆ ಆರಾಮಾಗಿ ಕೂರು ಅಂದ್ರೆ ಕೇಳಲ್ಲ ಆಂಟಿ. ಯಾವ ಗಾಡಿ ಆದ್ರೂ ಮುಂದೇನೇ" ಅಂದಳು ದಿವ್ಯ. ನಾನು ಹಿಂದೆ, ಮಂಜುಳನ ಪಕ್ಕ ಕೂತೆ. ದಾರಿಯುದ್ದಕ್ಕೂ ಪಾಪಮ್ಮ ನಾನು ಎಷ್ಟು ದಪ್ಪಗಾಗಿದ್ದೇನೆ ಅಂತ ಹೇಳುತ್ತಲೇ ಬಂದರು.

ಕೋಲಾರ ಬಂತು. ಹೊಸ ಮನೆಯ ಮುಂದೆ ಕಾರು ನಿಂತಿತು. ದಿವ್ಯ ಈ ಕಡೆ ಬಂದು ಅಜ್ಜಿಯ ಬಾಗಿಲು ತೆಗೆದು ಕೈ ನೀಡಿದಳು. ಪಾಪಮ್ಮ ಕದಲಲಿಲ್ಲ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ತಿರುಗಿ ನೋಡದೆ ಕೇಳಿದರು.

"ಹಿಂದ್ಗಡೆಯೋರು ಎಲ್ಲಾ ಇಳಿದ್ರಾ?"